ಡರ್ಹಮ್‌ನ ಮೇಜಿನ ಮೇಲೆ ಬಸ್ಸಾರು

ಬಟ್ಟಲು ನನ್ನ ಅಂಗೈಯಷ್ಟೇ ಇತ್ತು. ಎರಕದ ಕಬ್ಬಿಣದ್ದು, ಕಪ್ಪಗೆ ಮಿರುಗುತ್ತಿತ್ತು. ಅದರಲ್ಲಿ ಕಡುಹಸಿರು ಸೊಪ್ಪು, ಸೊಪ್ಪಿನ ಸುತ್ತ ಒಂದು ಬೆರಳಿನಷ್ಟು ಕಂದು ರಸ, ರಸದ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು. ಬೆಲೆ 14 ಡಾಲರ್. ಸೊಪ್ಪನ್ನು ಪಕ್ಕಕ್ಕೆ ಸರಿಸಿ ಒಂದು ಚಮಚ ರಸವನ್ನು ಬಾಯಿಗಿಟ್ಟೆ. ಬೆಂದ ಸೊಪ್ಪಿನ ಒಗರು, ಉಪ್ಪು, ಅದರ ಬೆನ್ನಿಗೇ ಒಂದಿಷ್ಟು ಹುಳಿ, ಕೊನೆಯಲ್ಲಿ ಗಂಟಲು ಹಿಡಿಯುವ ಖಾರ. ಹೊಗೆಯಾಡಿಸಿದ ಹಂದಿಮಾಂಸದ ವಾಸನೆಯೊಂದನ್ನು ಬಿಟ್ಟರೆ ಅದು ಬಸ್ಸಾರು. ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ಕೀರೆ ಸೊಪ್ಪನ್ನೂ ತಡಣಿ ಕಾಳನ್ನೂ ಬೇಯಿಸಿ, ಬಸಿದ ನೀರಿಗೆ ಖಾರ ಕಡೆದು ಹಾಕಿ ಮಾಡುವ ಸಾರು.

ಕಳೆದ ಸೆಪ್ಟೆಂಬರ್‌ನಲ್ಲಿ ಕಚೇರಿಯ ಕೆಲಸದ ಮೇಲೆ ಮೂರು ವಾರ ಅಮೆರಿಕದ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿದ್ದೆ. ಎರಡು ವರ್ಷದಿಂದ ಕಂಪ್ಯೂಟರ್ ಪರದೆಯ ಚೌಕಗಳಲ್ಲಷ್ಟೇ ನೋಡಿದ್ದ ಮುಖಗಳು ಅಲ್ಲಿ ಮೊದಲ ಸಲ ಕೈಕುಲುಕಿದವು. ಎರಡನೆಯ ವಾರದ ಗುರುವಾರ ನಮ್ಮ ವಿಭಾಗದ ಮುಖ್ಯಸ್ಥರು ಇಡೀ ತಂಡವನ್ನು ಊಟಕ್ಕೆ ಕರೆದೊಯ್ದರು. ಒಟ್ಟು ಎಂಟು ಜನ. ಅಮೆರಿಕದ ದಕ್ಷಿಣ ರಾಜ್ಯಗಳ ಅಡುಗೆಯನ್ನು ಹೊಸ ರೀತಿಯಲ್ಲಿ ಬಡಿಸುವ ದುಬಾರಿ ಹೋಟೆಲ್ ಅದು. ಹದಿನೈದು ದಿನ ಮೊದಲೇ ಮೇಜು ಕಾದಿರಿಸಬೇಕಾದ ಜಾಗ.

ಒಳಗೆ ಕಾಲಿಟ್ಟಾಗ ನನ್ನ ಕಣ್ಣು ಮೊದಲು ಹೋದದ್ದು ಸೂರಿನ ಕಡೆಗೆ. ಮರದ ದಪ್ಪ ತೊಲೆಗಳು, ಗಾರೆ ಬಳಿಯದ ಕೆಂಪು ಇಟ್ಟಿಗೆಯ ಗೋಡೆ, ಎತ್ತರದಲ್ಲಿ ಸಾಲಾಗಿ ಕಿಟಕಿಗಳು. ಕಟ್ಟಡ ಹಿಂದೆ ತಂಬಾಕಿನ ಗೋದಾಮಾಗಿತ್ತಂತೆ. ಮೋಡ ಕವಿದ ದಿನಗಳಲ್ಲಿ ಈ ತೊಲೆಗಳಿಂದ ಇನ್ನೂ ಸಿಹಿ ವಾಸನೆ ಬರುತ್ತದೆ ಎಂದು ನೀರು ತಂದಿಟ್ಟ ಹುಡುಗ ಹೇಳಿದ. ಉಳಿದವರು ಆ ಮಾತಿಗೆ ತಲೆದೂಗಿ ಮೆನು ಬಿಡಿಸಿದರು. ನಾನು ಮಾತ್ರ ಮೂಗನ್ನು ಅರಳಿಸಿಕೊಂಡು ಕುಳಿತೆ. ಬೆಂದ ಹೊಗೆಸೊಪ್ಪಿನ ವಾಸನೆ ನನಗೆ ಗೊತ್ತು. ಒಣಹುಲ್ಲಿಗೆ ಬೆಲ್ಲದ ಪಾಕ ಚಿಮುಕಿಸಿದಂತಿರುತ್ತದೆ. ನಾನು ಹುಟ್ಟಿ ಬೆಳೆದದ್ದೇ ಆ ವಾಸನೆಯಲ್ಲಿ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟರೆ ಜುಲೈ ಹೊತ್ತಿಗೆ ಸೊಪ್ಪು ಮುರಿಯುವ ಕೆಲಸ ಶುರು. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಬೇಯಿಸುವ ಮನೆಯೊಳಗೆ ಅಂತಸ್ತು ಅಂತಸ್ತಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಕೊಟ್ಟು ಐದಾರು ದಿನ ಬೇಯಿಸಬೇಕು. ಬೆಂಕಿ ಒಂದು ರಾತ್ರಿ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಬಣ್ಣ ಬರುವುದಿಲ್ಲ. ಸೆಪ್ಟೆಂಬರ್ ಅಂದರೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡದ ತಿಂಗಳು. ನಾನು ಡರ್ಹಮ್‌ನ ಆ ಮೆತ್ತನೆಯ ಕುರ್ಚಿಯಲ್ಲಿ ಕುಳಿತ ಹೊತ್ತಿನಲ್ಲಿ ನನ್ನ ತಮ್ಮ ಬ್ಯಾರನ್ ಮುಂದೆ ಗೋಣಿಚೀಲ ಹಾಸಿಕೊಂಡು ಉರಿ ಕಾಯುತ್ತಿದ್ದ. ತಂಬಾಕಿನ ಕೇಡು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನ ಎಂಜಿನಿಯರಿಂಗ್ ಶುಲ್ಕ ಬಂದದ್ದು ಆ ಸೊಪ್ಪಿನಿಂದಲೇ. ಈ ಎರಡು ಮಾತನ್ನೂ ನಾನು ಒಟ್ಟಿಗೇ ಹೇಳಬೇಕು.

ಮೆನುವಿನಲ್ಲಿ ಹೆಸರುಗಳೋ ಹೆಸರುಗಳು. ಮುಸುಕಿನ ಜೋಳದ ನುಚ್ಚು ಯಾವ ಗಿರಣಿಯದು, ಹಂದಿ ಯಾವ ಫಾರಂನಲ್ಲಿ ಮೇಯ್ದದ್ದು, ಜೇನು ಯಾವ ಕಣಿವೆಯದು, ಎಲ್ಲವನ್ನೂ ಬರೆದಿದ್ದರು. ನುಚ್ಚಿಗೆ ಅವರು ಗ್ರಿಟ್ಸ್ ಎನ್ನುತ್ತಾರೆ. ಗಂಜಿಗಿಂತ ಗಟ್ಟಿಯಾಗಿ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಸಿಗಡಿ ಇಟ್ಟು ಕೊಡುತ್ತಾರೆ. ಕರಾವಳಿಯ ಬೆಸ್ತರ ಬೆಳಗಿನ ತಿಂಡಿಯಾಗಿದ್ದ ಈ ತಿನಿಸನ್ನು ಪಕ್ಕದ ಚಾಪೆಲ್ ಹಿಲ್‌ನ ಕ್ರೂಕ್ಸ್ ಕಾರ್ನರ್ ಎಂಬ ಹೋಟೆಲಿನಲ್ಲಿ ಬಿಲ್ ನೀಲ್ ಎಂಬ ಬಾಣಸಿಗ ರಾತ್ರಿಯ ಊಟಕ್ಕೆ ಬಡಿಸತೊಡಗಿದರು. 1985ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದರ ಬಗ್ಗೆ ಬರೆದ ಮೇಲೆ ದೇಶದ ದೊಡ್ಡ ದೊಡ್ಡ ಹೋಟೆಲುಗಳಿಗೆಲ್ಲ ಹಬ್ಬಿತು. ಇದನ್ನು ಹೇಳಿದವರು ನಮ್ಮ ಮುಖ್ಯಸ್ಥರು. ಅವರ ಮಾತಿನಲ್ಲಿ ತಮ್ಮೂರಿನ ಬಗ್ಗೆ ಇದ್ದ ಹೆಮ್ಮೆ ನನಗೆ ಹಿಡಿಸಿತು. ನುಚ್ಚೂ ಚೆನ್ನಾಗಿತ್ತು.

ನನ್ನ ಎಡಗಡೆ ಕುಳಿತಿದ್ದವರು ತಂಡದಲ್ಲೇ ಹಿರಿಯರು. ಇನ್ನೆರಡು ವರ್ಷಕ್ಕೆ ನಿವೃತ್ತರಾಗುವ ಕಪ್ಪು ವರ್ಣದ ಹೆಂಗಸು. ಸಭೆಗಳಲ್ಲಿ ಅವರದು ಎರಡೇ ಮಾತು, ಅವೆರಡೂ ಕೆಲಸಕ್ಕೆ ಬರುವಂಥವು. ನಾನು ರಸವನ್ನು ಚಮಚದಲ್ಲಿ ಕುಡಿಯುವುದನ್ನು ಕಂಡು, "ಹಾಗಲ್ಲ" ಎಂದು ಮೆಕ್ಕೆಜೋಳದ ರೊಟ್ಟಿಯ ಒಂದು ತುಂಡನ್ನು ಮುರಿದು, ರಸದಲ್ಲಿ ಅದ್ದಿ, ಬೆರಳಿನಿಂದಲೇ ಬಾಯಿಗೆ ಹಾಕಿಕೊಂಡು ತೋರಿಸಿದರು. ನಾನೂ ಚಮಚ ಕೆಳಗಿಟ್ಟೆ. ಕೈಯಲ್ಲಿ ತಿಂದ ಮೇಲೆ ರುಚಿ ಇನ್ನೂ ಹತ್ತಿರ ಬಂತು.

ಆ ಸೊಪ್ಪಿನ ಹೆಸರು ಕಾಲರ್ಡ್. ಎಲೆಕೋಸಿನ ಬಳಗದ್ದೇ, ಆದರೆ ಉಂಡೆ ಕಟ್ಟದೆ ಎಲೆಯಾಗಿಯೇ ಹರಡಿಕೊಳ್ಳುತ್ತದೆ. ಬೆಂದ ನೀರಿಗೆ ಪಾಟ್‌ಲಿಕ್ಕರ್ ಎನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ದೊಡ್ಡಮನೆಯ ಮೇಜಿಗೆ ಸೊಪ್ಪು ಹೋಗುತ್ತಿತ್ತು, ಪಾತ್ರೆಯ ತಳದ ರಸ ಅಡುಗೆಯವರ ಪಾಲಿಗೆ ಉಳಿಯುತ್ತಿತ್ತು ಎಂದು ಅವರು ವಿವರಿಸಿದರು. ಎಲೆಯ ಸಾರವೆಲ್ಲ ಇಳಿದಿರುತ್ತಿದ್ದದ್ದು ಆ ರಸದಲ್ಲೇ. "ನನ್ನ ಅಜ್ಜಿ ಕಾಯಿಲೆ ಬಿದ್ದ ಮಕ್ಕಳಿಗೆಲ್ಲ ಮೊದಲು ಇದನ್ನೇ ಕುಡಿಸುತ್ತಿದ್ದಳು" ಎಂದರು. ಬಾಣಂತಿಗೆ ಯಾವ ಸೊಪ್ಪಿನ ಬಸ್ಸಾರು ಒಳ್ಳೆಯದು ಎಂದು ನಮ್ಮೂರಿನ ಮುದುಕಿಯರು ವಾದ ಮಾಡುವುದು ನೆನಪಾಗಿ ಅದನ್ನು ಅವರಿಗೆ ಹೇಳಿದೆ. ಬಸಿದ ನೀರನ್ನು ಚೆಲ್ಲದ ಇನ್ನೊಂದು ಜನ ಇದ್ದಾರೆ ಎಂದು ತಿಳಿದು ಅವರಿಗೆ ಬಹಳ ಖುಷಿಯಾಯಿತು.

ಆಮೇಲೆ ಬಂದ ತಟ್ಟೆಗಳಲ್ಲಿ ಗುರುತಿನವರು ಒಬ್ಬೊಬ್ಬರಾಗಿ ಸಿಕ್ಕರು. ಮುಸುಕಿನ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ. ಅನ್ನದೊಂದಿಗೆ ಬೆಂದ ಅಲಸಂದೆ ಕಾಳು. ಅಲಸಂದೆ ಆಫ್ರಿಕಾದ ಕಾಳು. ಬೆಂಡೆಯೂ ಅಮೆರಿಕಕ್ಕೆ ಬಂದದ್ದು ಆಫ್ರಿಕಾದಿಂದಲೇ, ಓಕ್ರಾ ಎಂಬ ಇಂಗ್ಲಿಷ್ ಹೆಸರು ನೈಜೀರಿಯಾದ ಇಗ್ಬೊ ಭಾಷೆಯದು. ನಾವು ಅಪ್ಪಟ ನಮ್ಮದೆಂದು ಎದೆಗೊತ್ತಿಕೊಳ್ಳುವ ರಾಗಿ ಕೂಡ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಬಂದ ಧಾನ್ಯ. ನಮ್ಮ ಕಡೆಗೆ ಅವು ವ್ಯಾಪಾರದ ದಾರಿಯಲ್ಲಿ ಬಂದವು. ಅಮೆರಿಕಕ್ಕೆ ಹೋದದ್ದು ಜನರನ್ನು ಸರಪಳಿಯಲ್ಲಿ ಕಟ್ಟಿ ತುಂಬಿದ ಹಡಗುಗಳ ಜೊತೆಯಲ್ಲಿ.

ಅನ್ನ ಯಾವ ಅಕ್ಕಿಯದು ಎಂದು ಮೆನುವಿನಲ್ಲಿ ದಪ್ಪಕ್ಷರದಲ್ಲಿತ್ತು: ಕೆರೊಲಿನಾ ಗೋಲ್ಡ್. ದಕ್ಷಿಣ ಕೆರೊಲಿನಾದ ಜವುಗು ನೆಲವನ್ನು ಗದ್ದೆ ಮಾಡಿ ಅದನ್ನು ಬೆಳೆದವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನ. ಅವರಲ್ಲಿ ಬಹಳ ಮಂದಿ ತಮ್ಮ ನಾಡಿನಲ್ಲಿ ಭತ್ತ ಬೆಳೆಯುತ್ತಿದ್ದವರು. ಏರಿ ಕಟ್ಟುವುದು, ಉಬ್ಬರ ಇಳಿತ ನೋಡಿ ನೀರು ಬಿಡುವುದು, ಒನಕೆಯಲ್ಲಿ ಕುಟ್ಟಿ ಮೊರದಲ್ಲಿ ಕೇರುವುದು, ಇವೆಲ್ಲ ಅವರ ಕೈಯ ಕೆಲಸ. ಆ ದುಡಿಮೆಯಿಂದ ಚಾರ್ಲ್ಸ್‌ಟನ್ ಪಟ್ಟಣ ಸಿರಿವಂತವಾಯಿತು. 20ನೇ ಶತಮಾನದ ಮೊದಲಿಗೆ ಬೆಳೆ ನಿಂತುಹೋಗಿ, ಆ ಶತಮಾನದ ಕೊನೆಗೆ ಕೆಲವರು ತಳಿಯನ್ನು ಹುಡುಕಿ ಮತ್ತೆ ಬೆಳೆಸಿದರು. ಆ ಹುಡುಕಾಟ ದೊಡ್ಡದೇ. ಆದರೆ ಮೆನುವಿನಲ್ಲಿ ತಳಿಯ ಹೆಸರಿತ್ತು, ಗಿರಣಿಯ ಹೆಸರಿತ್ತು, ಏರಿ ಕಟ್ಟಿದವರ ಸುದ್ದಿ ಒಂದು ಸಾಲಿನಲ್ಲೂ ಇರಲಿಲ್ಲ.

ಮುಂದಿನ ತಟ್ಟೆ ಬರದೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಅದರಲ್ಲಿದ್ದದ್ದು ಹಸಿರು ಟೊಮೆಟೊ. ಕಾಯಿ ಟೊಮೆಟೊವನ್ನು ಬಿಲ್ಲೆಯಾಗಿ ಕೊಯ್ದು ಹಿಟ್ಟಿನಲ್ಲಿ ಅದ್ದಿ ಕರಿದಿದ್ದರು. ಹಿರಿಯ ಸಹೋದ್ಯೋಗಿ ಒಂದು ಬಿಲ್ಲೆಯನ್ನು ಎತ್ತಿಕೊಂಡು, "ಚಿಕ್ಕಂದಿನಲ್ಲಿ ಇದನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಕೈಗೆ ಉಜ್ಜಿಕೊಂಡಿದ್ದೇನೆ" ಎಂದರು. ಯಾಕೆ ಎಂದು ಕೇಳಿದೆ. "ತಂಬಾಕಿನ ಅಂಟು ಹೋಗಲಿ ಎಂದು."

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೆಯೇ ನಿಂತಿತು.

ಹಸಿ ಹೊಗೆಸೊಪ್ಪಿನ ಅಂಟನ್ನು ಕಂಡವರಿಗಷ್ಟೇ ಅದು ಏನೆಂದು ಗೊತ್ತು. ಬೆಳಗ್ಗೆ ಹಳದಿಯಾಗಿ ಬೆರಳಿಗೆ ಹತ್ತುತ್ತದೆ, ಮಧ್ಯಾಹ್ನಕ್ಕೆ ಕಪ್ಪಾಗುತ್ತದೆ, ಸಂಜೆಗೆ ಟಾರಿನಂತೆ ಗಟ್ಟಿಯಾಗಿ ಬೆರಳಿನ ಗೆರೆಗಳಲ್ಲೆಲ್ಲ ಕೂರುತ್ತದೆ. ಸೋಪಿಗೆ ಬಗ್ಗುವುದಿಲ್ಲ. ಹಾಗೆಯೇ ಊಟಕ್ಕೆ ಕುಳಿತರೆ ಮುದ್ದೆಯೂ ಕಹಿ. ಅವ್ವ ನಮ್ಮ ಕೈಗಳಿಗೆ ಹುಣಸೆಹಣ್ಣು ತಿಕ್ಕಿ ತೊಳೆಸುತ್ತಿದ್ದಳು. ಉತ್ತರ ಕೆರೊಲಿನಾದ ಪೂರ್ವದ ಹಳ್ಳಿಗಳಲ್ಲಿ ಟೊಮೆಟೊ, ನಮ್ಮಲ್ಲಿ ಹುಣಸೆ. ಹುಳಿಗೆ ಆ ಅಂಟು ಬಿಡುತ್ತದೆ ಎಂದು ಎರಡು ಕಡೆಯ ಹೆಂಗಸರೂ ತಾವಾಗಿಯೇ ಕಂಡುಕೊಂಡಿದ್ದರು.

ಅವರ ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ಎಂಟು ಒಂಬತ್ತು ವರ್ಷದಿಂದಲೇ ಇವರಿಗೆ ಬ್ಯಾರನ್ ಹತ್ತಿರ ಕೆಲಸ. ಮೂರು ಮೂರು ಎಲೆ ಜೋಡಿಸಿ ದೊಡ್ಡಮ್ಮನ ಕೈಗೆ ಕೊಡುವುದು. ದೊಡ್ಡಮ್ಮ ಅದನ್ನು ದಾರದಿಂದ ಕಡ್ಡಿಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ಸುತ್ತಿ ಬಿಗಿಯುವುದು. ಅವರು ಮೇಜಿನ ಮೇಲಿದ್ದ ಕರವಸ್ತ್ರವನ್ನು ಎಲೆಯಂತೆ ಮಡಚಿ, ಫೋರ್ಕನ್ನು ಕಡ್ಡಿಯಂತೆ ಹಿಡಿದು ಸುತ್ತಿ ತೋರಿಸಿದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ನಮ್ಮೂರಿನ ಗಂಟು ಹಾಕಿ ತೋರಿಸಿದೆ. ಅವರದು ಎಡದಿಂದ ಬಲಕ್ಕೆ, ನಮ್ಮದು ಬಲದಿಂದ ಎಡಕ್ಕೆ. ಇಬ್ಬನಿ ಆರುವ ಮೊದಲು ಒದ್ದೆ ಸೊಪ್ಪು ಮುರಿದರೆ ತಲೆ ಸುತ್ತಿ ವಾಂತಿಯಾಗುವುದೂ ಇಬ್ಬರಿಗೂ ಗೊತ್ತಿತ್ತು. ಮೇಜಿನಲ್ಲಿದ್ದ ಉಳಿದ ಆರು ಜನ ಮಾತು ನಿಲ್ಲಿಸಿ ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಹೊಗೆಸೊಪ್ಪನ್ನು ಹೀಗೆ ಬಿಸಿಯಲ್ಲಿ ಬೇಯಿಸಿ ಬಂಗಾರದ ಬಣ್ಣಕ್ಕೆ ತರುವ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ಆ ರಾತ್ರಿ ಮೊದಲ ಸಲ ಕೇಳಿದೆ. ಡರ್ಹಮ್‌ನ ಉತ್ತರಕ್ಕೆ, ವರ್ಜೀನಿಯಾದ ಗಡಿಗೆ ತಾಗಿ ಕ್ಯಾಸ್ವೆಲ್ ಎಂಬ ಜಿಲ್ಲೆಯಿದೆ. ಅಲ್ಲಿ ಅಬೈಷಾ ಸ್ಲೇಡ್ ಎಂಬ ಜಮೀನುದಾರ. ಅವನ ಗುಲಾಮ, ಕಮ್ಮಾರಿಕೆ ಬಲ್ಲ ಸ್ಟೀಫನ್ ಎಂಬ ಯುವಕ, 1839ರಲ್ಲಿ ಬ್ಯಾರನ್ ಕಾಯಲು ಕುಳಿತು ನಿದ್ದೆ ಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಲ್ಲಿ ಕುಲುಮೆಯ ಇದ್ದಿಲನ್ನು ತಂದು ಸುರಿದ. ಶಾಖ ಒಮ್ಮೆಲೇ ಏರಿತು, ಸೊಪ್ಪು ಹಳದಿಯಾಯಿತು. ಆ ಹಳದಿ ಸೊಪ್ಪಿಗೆ ಎಲ್ಲಿಲ್ಲದ ಬೆಲೆ ಬಂತು. ಮುಂದೆ ಇದ್ದಿಲು ಹೋಗಿ, ಕೊಳವೆಗಳಲ್ಲಿ ಬಿಸಿ ಹಾಯಿಸುವ ಬ್ಯಾರನ್ ಬಂತು. ನಮ್ಮ ಮನೆಯ ಹಿಂದೆ ಇರುವುದು ಅದೇ. ಆ ಎಲೆಯ ಮೇಲೆಯೇ ಡರ್ಹಮ್ ಊರು ಬೆಳೆಯಿತು, ಡ್ಯೂಕ್ ಮನೆತನ 1890ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿತು, ಅದೇ ಹಣದಲ್ಲಿ ವಿಶ್ವವಿದ್ಯಾಲಯ ಎದ್ದಿತು.

ಹದಿನೆಂಟು ಇಪ್ಪತ್ತರ ಆ ಹುಡುಗನಿಗೆ ನಿದ್ದೆ ಹತ್ತಿದ್ದು ನನಗೆ ಬಹಳ ಹತ್ತಿರದ ಸಂಗತಿಯಾಗಿ ಕಂಡಿತು. ನನ್ನ ತಮ್ಮನೂ ಹಾಗೆ ತೂಕಡಿಸುತ್ತಾನೆ. ಎಚ್ಚರವಾದೊಡನೆ ಎದ್ದು ಓಡಿ ಉರಿ ನೋಡುತ್ತಾನೆ. ತಮ್ಮನಿಗೆ ಸೊಪ್ಪು ಕೆಟ್ಟರೆ ಸಾಲದ ಭಯ. ಸ್ಟೀಫನ್‌ಗೆ ಇದ್ದದ್ದು ಒಡೆಯನ ಚಾವಟಿಯ ಭಯವೇ ಇರಬೇಕು.

ಮಾತು ಊಟದಿಂದ ಕುರ್ಚಿಗೆ ಬಂತು. ನಾವು ಕುಳಿತಿದ್ದಲ್ಲಿಗೆ ಬಹಳ ದೂರವಿಲ್ಲದ ಒಂದು ಐಸ್‌ಕ್ರೀಂ ಅಂಗಡಿಯಲ್ಲಿ 1957ರ ಜೂನ್ 23ರಂದು ಏಳು ಜನ ಕಪ್ಪು ತರುಣ ತರುಣಿಯರು ಬಿಳಿಯರಿಗೆಂದು ಮೀಸಲಾಗಿದ್ದ ಜಾಗದಲ್ಲಿ ಕುಳಿತು ಐಸ್‌ಕ್ರೀಂ ಕೇಳಿದ್ದರು. ಅವರನ್ನು ಬಂಧಿಸಿ ದಂಡ ಹಾಕಿದರು. ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯ ಗ್ರೀನ್ಸ್‌ಬರೋದಲ್ಲಿ 1960ರ ಫೆಬ್ರುವರಿ 1ರಂದು ನಾಲ್ವರು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ಹಾಗೆಯೇ ಕುಳಿತರು, ಏಳಲಿಲ್ಲ. ಅದು ದಕ್ಷಿಣದ ಊರೂರಿಗೆ ಹಬ್ಬಿತು. 1964ರಲ್ಲಿ ಈ ಭೇದವನ್ನು ನಿಷೇಧಿಸುವ ಕಾನೂನು ಬಂದ ಮೇಲೂ ಅಲಬಾಮದ ಬರ್ಮಿಂಗ್‌ಹ್ಯಾಂನ ಒಲೀಸ್ ಬಾರ್ಬೆಕ್ಯೂ ಎಂಬ ಹೋಟೆಲಿನವರು ಸುಪ್ರೀಂ ಕೋರ್ಟಿನ ತನಕ ಹೋಗಿ ಸೋತರು. ಆ ಹೋಟೆಲಿನ ಕೆಲಸಗಾರರಲ್ಲಿ ಮೂರನೆಯ ಎರಡು ಪಾಲು ಕಪ್ಪು ಜನ. ಕಪ್ಪು ಗಿರಾಕಿಗೆ ಅಲ್ಲಿ ಸಿಗುತ್ತಿದ್ದದ್ದು ಪೊಟ್ಟಣ ಮಾತ್ರ, ಒಳಗೆ ಕೂರುವಂತಿರಲಿಲ್ಲ. ಬೇಯಿಸಿದ ಕೈ ಆಗಬಹುದು, ಪಕ್ಕದ ಕುರ್ಚಿ ಆಗದು.

"ದೂರದ ಊರಿಗೆ ಹೊರಟರೆ ಅಮ್ಮ ಚಪ್ಪಲಿ ಡಬ್ಬದಲ್ಲಿ ಕೋಳಿ ಕಟ್ಟಿಕೊಡುತ್ತಿದ್ದಳು. ಅದು ಮಜಾ ಎಂದುಕೊಂಡಿದ್ದೆ. ದಾರಿಯಲ್ಲಿ ನಮಗೆ ಯಾರೂ ಊಟ ಕೊಡುವುದಿಲ್ಲ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು" ಎಂದು ಅವರು ಹೇಳಿದರು. ಮೇಜಿನ ಸುತ್ತ ಎಲ್ಲರೂ ತಲೆ ತಗ್ಗಿಸಿ ಕೇಳಿದರು. ನಾನೂ ಕೇಳಿದೆ. ನಮ್ಮ ಭಾಷೆಯಲ್ಲಿ ಇದಕ್ಕೆಂದೇ ಒಂದು ಮಾತಿದೆ, ಪಂಕ್ತಿಭೇದ. ಅದನ್ನು ನಾನು ಆ ಮೇಜಿನಲ್ಲಿ ಹೇಳಬಹುದಾಗಿತ್ತು, ಹೇಳಲಿಲ್ಲ. ಮಜ್ಜಿಗೆಯ ಕಡುಬು ಬಂತು, ಸಿಹಿ ತಿಂದೆ.

ಬಿಲ್ಲಿಗೆ ಮುಖ್ಯಸ್ಥರು ಸಹಿ ಹಾಕಿದರು, ಶೇಕಡ 20ರ ಭಕ್ಷೀಸು ಸೇರಿಸಿ. ಅಲ್ಲಿ ಬಡಿಸುವವರಿಗೆ ಮಾಲೀಕರು ಕೊಡಲೇಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, ಉಳಿದದ್ದನ್ನು ಭಕ್ಷೀಸು ತುಂಬಬೇಕು. 1991ರಿಂದ ಆ ಮೊತ್ತ ಒಂದು ಸೆಂಟೂ ಏರಿಲ್ಲ. ತೊಲೆಯ ವಾಸನೆಯ ಕಥೆ ಹೇಳಿದ ಹುಡುಗನಿಗೆ ಕೈಮುಗಿದು ಹೊರಗೆ ಬಂದೆ.

ನಾನು ಉಳಿದುಕೊಂಡಿದ್ದ ಹೋಟೆಲಿಗೆ ನನ್ನನ್ನು ಬಿಡಲು ಹಿರಿಯ ಸಹೋದ್ಯೋಗಿ ತಾವೇ ಕಾರು ತಂದರು. ದಾರಿಯಲ್ಲಿ ನಾನು ಬಾಯಿಬಿಟ್ಟೆ.

ನನಗಾಗ ಹತ್ತು ವರ್ಷ. ಸೊಪ್ಪು ಕಟ್ಟುವ ದಿನಗಳಲ್ಲಿ ನಾಗರಹೊಳೆ ಕಡೆಯ ಹಾಡಿಯಿಂದ, ಅಂದರೆ ಕಾಡಂಚಿನ ಆದಿವಾಸಿಗಳ ಕೇರಿಯಿಂದ, ಒಬ್ಬ ಹೆಂಗಸು ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದಳು. ಅಪ್ಪನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟುಕೊಂಡು, ಕಾಲು ಚಾಚಿ ಕುಳಿತು ಕಟ್ಟುತ್ತಿದ್ದಳು. ಅವಳಷ್ಟು ಬೇಗ ಕಡ್ಡಿ ತುಂಬುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಆ ಮೇಜಿನ ಮೇಲೆ ನಾನು ಹಾಕಿ ತೋರಿಸಿದ ಗಂಟು ಅವಳು ಕಲಿಸಿದ್ದು. ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಬಸ್ಸಾರು. ನಮಗೆ ಒಳಗೆ, ತಟ್ಟೆಯಲ್ಲಿ. ಅವಳಿಗೆ ಬ್ಯಾರನ್ ಪಕ್ಕದಲ್ಲಿ, ಮುತ್ತುಗದ ಎಲೆಯ ಮೇಲೆ ಮುದ್ದೆ, ತೆಂಗಿನ ಚಿಪ್ಪಿನಲ್ಲಿ ಸಾರು. ಒಂದು ದಿನ ಬಡಿಸುವ ಕೆಲಸ ನನಗೆ ಬಂತು. "ಸೌಟು ಚಿಪ್ಪಿಗೆ ತಗಲದ ಹಾಗೆ ಮೇಲಿನಿಂದ ಹುಯ್ಯಿ" ಎಂದು ಅಜ್ಜಿ ಹಿಂದಿನಿಂದ ಹೇಳಿದಳು. ನಾನು ಹಾಗೆಯೇ ಹುಯ್ದೆ. ಎತ್ತರದಿಂದ ಬಿದ್ದ ಬಿಸಿ ಸಾರು ಚಿಮ್ಮಿ ಅವಳ ಮುಂಗೈಗೆ ಬಿತ್ತು. ಅವಳು ಚಿಪ್ಪನ್ನು ಅಲುಗಿಸಲಿಲ್ಲ. ಅಂಟು ಹಿಡಿದು ಕಪ್ಪಾಗಿದ್ದ ಎರಡೂ ಕೈಗಳಿಂದ ಹಿಡಿದೇ ಇದ್ದಳು. ಒಲೆಯ ಮೇಲಿನ ಹುಣಸೆಹಣ್ಣಿನ ಗಡಿಗೆಯಿಂದ ಅವಳಿಗೂ ಒಂದು ಎಸಳು ಕೊಡೋಣ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಸಮಾಧಾನ ಹೇಳಲಿಲ್ಲ, ಬೈಯಲಿಲ್ಲ. ದೀಪದ ಕಂಬದ ಹತ್ತಿರ ಕಾರು ನಿಂತಾಗ ಒಂದೇ ಪ್ರಶ್ನೆ ಕೇಳಿದರು: "ಅವಳ ಹೆಸರೇನು?"

ನನಗೆ ಗೊತ್ತಿರಲಿಲ್ಲ.

ಕೋಣೆಗೆ ಬಂದಾಗ ರಾತ್ರಿ ಹತ್ತು ಗಂಟೆ. ಊರಿನಲ್ಲಿ ಬೆಳಗ್ಗೆ ಏಳೂವರೆ. ಅವ್ವನಿಗೆ ಫೋನ್ ಮಾಡಿದೆ. ತಮ್ಮ ಈಗಷ್ಟೇ ಬಂದು ಮಲಗಿದ, ಈ ಸಲದ ಸೊಪ್ಪಿಗೆ ಒಳ್ಳೆಯ ಬಣ್ಣ ಬಂದಿದೆ ಎಂದು ಹೇಳಿದಳು. ಊಟವಾಯಿತೇ ಎಂದು ಕೇಳಿದಳು. ಬಸ್ಸಾರು ಉಂಡೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹಾಡಿಯಿಂದ ಬರುತ್ತಿದ್ದ ಆ ಹೆಂಗಸಿನ ಹೆಸರು ಕೇಳಿದೆ.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಒಲೆಯ ಮೇಲೆ ಏನೋ ಕುದಿಯುವ ಸದ್ದು ಕೇಳುತ್ತಿತ್ತು.

"ನಿನ್ನ ಅಜ್ಜಿ 'ಹಾಡಿಯವಳೇ' ಎಂದು ಕೂಗುತ್ತಿದ್ದಳು. ನಾನೂ ಹಾಗೆಯೇ ಕೂಗುತ್ತಿದ್ದೆ. ಹೆಸರು ಕೇಳಲೇ ಇಲ್ಲವಲ್ಲ" ಎಂದಳು. ಸ್ವಲ್ಪ ತಡೆದು, "ಅವಳು ಹೋಗಿ ನಾಲ್ಕು ವರ್ಷವಾಯಿತು. ಅವಳ ಮಗ ಈಗ ಸೊಪ್ಪು ಮುರಿಯಲು ಬರುತ್ತಾನೆ. ಇವತ್ತೂ ಬರುತ್ತಾನೆ, ಕೇಳುತ್ತೇನೆ" ಎಂದಳು.

"ಮಧ್ಯಾಹ್ನ ಅವನು ಎಲ್ಲಿ ಕೂತು ಉಣ್ಣುತ್ತಾನೆ ಅವ್ವ?"

"ಈಗ ಚಿಪ್ಪು ಗಿಪ್ಪು ಏನೂ ಇಲ್ಲ. ಸ್ಟೀಲ್ ತಟ್ಟೆ ಇದೆ." ಇನ್ನೊಂದು ಕ್ಷಣ ಬಿಟ್ಟು, "ಜಗಲಿಯ ಮೇಲೆ" ಎಂದಳು.

"ಇವತ್ತು ಒಳಗೆ ಕರೆದು, ನಿಮ್ಮ ಜೊತೆ ಕೂರಿಸಿಕೊಂಡು, ಬಡಿಸಿ ಕೇಳು ಅವ್ವ."

ಕುದಿಯುವ ಸದ್ದು ನಿಂತಿತು. ಒಲೆ ಆರಿಸಿದಳೆಂದು ಕಾಣುತ್ತದೆ.

"ಹೂಂ" ಎಂದಳು.